ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳೂ ಅವರ ಅರಸುಶಿಷ್ಯರೂ

ಕನ್ನಡ ನಾಟಕ ಪಿತಾಮಹರೆಂದೂ ಅಭಿನವ ಕಾಳಿದಾಸರೆಂದೂ ನಾಡಿನಲ್ಲಿ ಪ್ರಖ್ಯಾತರಾದ ಬಸವಪ್ಪಶಾಸ್ತ್ರಿಗಳ ನಾಮಧೇಯವು ಕನ್ನಡ ಬಲ್ಲವರಿಗೆ ಅಪರಿಚಿತವಾದುದಲ್ಲ. ಅವರು ರಚಿಸಿದ ನಾಟಕ ಕಾವ್ಯಾದಿಗಳ ಪಟ್ಟಿಯು ಸಾಹಿತ್ಯಚರಿತ್ರೆಗಳಲ್ಲೆಲ್ಲ ಮುದ್ರಿತವಾಗಿದೆ. ಆ ಪಟ್ಟಿಯಲ್ಲಿ ಸೇರದೆ ಉಳಿದಿರುವ ಒಂದು ಕಾರ್ಯವುಂಟು. ಮೈಸೂರಿನ ಸಿಂಹಾಸನದ ಮೇಲೆ ಎಳೆವೆಯಲ್ಲಿಯೇ ಕುಳ್ಳಿರಿಸಲ್ಪಟ್ಟ ಒಬ್ಬ ಬಾಲಕನಿಗೆ ಕನ್ನಡದ ಉಪಾಧ್ಯಾಯರಾಗಿ ಅವರು ಹೇಳಿದ ಪಾಠವೇ ಅದು. ಪಂಡಿತರು ಅರಸನಿಗೆ ಪಾಠ ಹೇಳುವುದು ಈ ದೇಶದಲ್ಲಿ ಹೊಸದಲ್ಲ. ಆದರೆ ಆ ಪಾಠವು ನಡೆದ ಕಾಲವನ್ನೂ ಅದರಿಂದ ಮುಂದೆ ಆದ ಫಲವನ್ನೂ ಪರ್ಯಾಲೋಚಿಸಿದರೆ, ಶಾಸ್ತ್ರಿಗಳ ಜೀವನದಲ್ಲಿ ಅದಕ್ಕೆ ಅವರ ನಾಟಕಗಳಿಗಿಂತ ಕಡಮೆಯಾದ ಸ್ಥಾನವನ್ನು ಕೊಡಲಾಗದು.

ಶಾಸ್ತ್ರಿಗಳು 1843ರಲ್ಲಿ ಬೆಂಗಳೂರು ಸೀಮೆಗೆ ಸೇರಿದ ನಾರುಸಂದ್ರ ಗ್ರಾಮದಲ್ಲಿ ವೀರಶೈವ ಆರಾಧ್ಯ ಮನೆತನದಲ್ಲಿ ಜನಿಸಿದರು. ತಂದೆ ಮಹಾದೇವಶಾಸ್ತ್ರಿಗಳು; ತಾಯಿ ಬಸವಾಂಬಿಕೆ. ಬೆಂಗಳೂರಿನ ಸುತ್ತಣ ಸೀಮೆಯು ಅಂದು ರಾಗಿಯ ಹೊಲಗಳಿಂದಲೂ ಸಾಲುಕೆರೆಗಳಿಂದಲೂ ಕೂಡಿದ ಒಕ್ಕಲುನಾಡು. ಪೀಣ್ಯದ ಕಾರ್ಖಾನೆಗಳಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಗಣಕಸೌಧಗಳಾಗಲಿ ಯಾರ ಕನಸಿನಲ್ಲಿಯೂ ಇರಲಿಲ್ಲ. ವೈಟ್‌ಫೀಲ್ಡ್ ಎಂಬ ಹೆಸರೇ ಹುಟ್ಟಿರಲಿಲ್ಲ. ಇಂತಹ ಸೀಮೆಯ ಹಳ್ಳಿಯ ಮಗುವು ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮೈಸೂರನ್ನು ಸೇರಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆಯಿತು.

ಆ ಪ್ರಭುಗಳ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. 1831ರಲ್ಲಿ ಆಂಗ್ಲೇಯರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡು ಕಮಿಷನರುಗಳ ವಶಕ್ಕೆ ಒಪ್ಪಿಸಿದ್ದರು. ರಾಜ್ಯವಿಲ್ಲದ ಅರಸರಿಗೆ ವಿದ್ವತ್ಸಭೆಯೊಂದೇ ರಾಜ್ಯವಾಗಿತ್ತೆಂದರೆ ಸಲ್ಲುತ್ತದೆ. ಕವಿಗಳು, ವೈಣಿಕರು, ಶಾಸ್ತ್ರಜ್ಞರು, ಚಿತ್ರಕಾರರು ಇವರೆಲ್ಲರನ್ನೂ ಅವರು ಪೋಷಿಸಿದರು. ಆ ಸಭೆಯ ಅಲಂಕಾರಪ್ರಾಯರಾಗಿದ್ದ ಗರಳಪುರಿ ಶಾಸ್ತ್ರಿಗಳ ಬಳಿಯಲ್ಲಿ ಬಾಲಕ ಬಸವಪ್ಪನಿಗೆ ಸಂಸ್ಕೃತ ವಿದ್ಯಾಭ್ಯಾಸವಾಯಿತು. ಕಾವ್ಯ, ನಾಟಕ, ಅಲಂಕಾರ, ವ್ಯಾಕರಣ ಇವುಗಳಲ್ಲಿ ಪರಿಶ್ರಮ ಪಡೆದ ತರುಣನು ಹದಿನೆಂಟನೆಯ ವಯಸ್ಸಿನಲ್ಲಿಯೇ ಕೃಷ್ಣರಾಜಾಭ್ಯುದಯವೆಂಬ ಕಾವ್ಯವನ್ನು ರಚಿಸಿ ತನ್ನನ್ನು ಸಲಹಿದ ಪ್ರಭುವಿಗೆ ಸಮರ್ಪಿಸಿದನು. ಪ್ರಭುವಿನ ಸ್ತುತಿಯೇ ವಸ್ತುವಾದ ಇಂತಹ ಕಾವ್ಯಗಳು ಅಂದಿನ ಆಸ್ಥಾನಗಳಲ್ಲಿ ಹೇರಳವಾಗಿ ಹುಟ್ಟುತ್ತಿದ್ದವು. ಅದನ್ನು ಶಾಸ್ತ್ರಿಗಳ ಶ್ರೇಷ್ಠ ಕೃತಿಯೆನ್ನುವುದು ಭಕ್ತಿಯ ಮಾತಾದೀತೇ ಹೊರತು ವಿಮರ್ಶೆಯ ಮಾತಾಗಲಾರದು. ಹದಿನೆಂಟರ ಕೈಗೆ ಛಂದಸ್ಸು ಅಷ್ಟು ಪಳಗಿತ್ತೆಂಬುದು ಮಾತ್ರ ನಿಜವಾದ ಅಚ್ಚರಿ.

ಮುಮ್ಮಡಿ ಕೃಷ್ಣರಾಜರು 1868ರ ಮಾರ್ಚ್ 27ರಂದು ಸ್ವರ್ಗಸ್ಥರಾದರು. ಅದಕ್ಕೆ ಮೂರು ವರ್ಷ ಮೊದಲೇ, 1865ರಲ್ಲಿ, ಅವರು ಬೆಟ್ಟದಕೋಟೆಯ ಅರಸು ಮನೆತನದ ಶಿಶುವೊಂದನ್ನು ದತ್ತು ತೆಗೆದುಕೊಂಡಿದ್ದರು. 1863ರಲ್ಲಿ ಹುಟ್ಟಿದ ಆ ಶಿಶುವೇ ಚಾಮರಾಜೇಂದ್ರ ಒಡೆಯರು. ದತ್ತಕವನ್ನು ಆಂಗ್ಲ ಸರಕಾರವು ಮೊದಲು ಒಪ್ಪದೆ, ಬಹಳ ವಾದವಿವಾದಗಳಾದ ಮೇಲೆ 1867ರಲ್ಲಿ ಅಂಗೀಕರಿಸಿತು. ಅದಕ್ಕೂ ಒಂದು ಕಟ್ಟಳೆಯಿದ್ದಿತು: ಬಾಲಕನಿಗೆ ತಕ್ಕ ವಿದ್ಯಾಭ್ಯಾಸವಾಗಬೇಕು; ಪ್ರಾಪ್ತವಯಸ್ಕನಾಗುವ ಹೊತ್ತಿಗೆ ಆಳ್ವಿಕೆಗೆ ಅರ್ಹನೆಂದು ಕಂಡುಬಂದಲ್ಲಿ ಮಾತ್ರ ರಾಜ್ಯವನ್ನು ಅವನಿಗೆ ಹಿಂದಿರುಗಿಸುವುದು. ಹೀಗೆ 1868ರ ಸೆಪ್ಟೆಂಬರ್ 23ರಂದು ಸಿಂಹಾಸನವೇರಿದ ಐದು ವರ್ಷದ ಬಾಲಕನ ಓದು ಮನೆಯ ಮಾತಾಗಿ ಉಳಿಯದೆ ರಾಜ್ಯದ ಮಾತಾಯಿತು. ಹುಡುಗನು ಪಾಠದಲ್ಲಿ ಸೋತರೆ ನಾಡು ಸೋಲುವುದು. ಶಾಲೆಗೆ ಹೋಗುವ ಯಾವ ಬಾಲಕನ ಹೆಗಲ ಮೇಲೂ ಇಂತಹ ಹೊರೆ ಬೀಳದಿರಲಿ.

1869ರಿಂದ ಕರ್ನಲ್ ಮ್ಯಾಲೆಸನ್ ಎಂಬ ಆಂಗ್ಲೇಯನು ಬಾಲಪ್ರಭುವಿನ ಪೋಷಕಾಧಿಕಾರಿಯಾಗಿ ನೇಮಕಗೊಂಡನು. ಅರಸು ಮನೆತನಗಳ ಹುಡುಗರನ್ನು ಜೊತೆಗೂಡಿಸಿ ಒಂದು ರಾಜಶಾಲೆಯು ಏರ್ಪಟ್ಟಿತು. ಇಂಗ್ಲಿಷು, ಗಣಿತ, ಚರಿತ್ರೆ, ಕುದುರೆಸವಾರಿ, ಹೊರಾಂಗಣದ ಆಟಗಳು ಇವೆಲ್ಲಕ್ಕೂ ಅಲ್ಲಿ ಪ್ರಾಶಸ್ತ್ಯ. ಆಂಗ್ಲ ಅಧಿಕಾರಿಗಳ ಕಣ್ಣಿನಲ್ಲಿ ಅರ್ಹತೆಯೆಂದರೆ ಬಹುಮಟ್ಟಿಗೆ ಇವೇ. ಇಂತಹ ಶಾಲೆಯಲ್ಲಿ ಕನ್ನಡದ ಪಂಡಿತನ ಸ್ಥಾನವು ಎಷ್ಟರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷನ್ನು ಕಲಿಯದ, ಪಂಚೆಯುಟ್ಟು ಶಾಲು ಹೊದೆದು ಬರುವ ಪಂಡಿತನನ್ನು ಹುಡುಗರು ಗೌರವಿಸುವರು, ಆದರೆ ಅವನ ಪಾಠವನ್ನು ಹಗುರವಾಗಿ ಎಣಿಸುವರು. ಇದು ಆ ಶತಮಾನದಲ್ಲಿ ತೊಡಗಿ ಇಂದಿಗೂ ಪೂರಾ ಹೋಗದ ರೋಗ. ಬಸವಪ್ಪಶಾಸ್ತ್ರಿಗಳು ಬಾಲಪ್ರಭುವಿಗೆ ಕನ್ನಡ ಹೇಳಿಕೊಡುವ ಉಪಾಧ್ಯಾಯರಾದುದು ಇಂತಹ ಕಾಲದಲ್ಲಿ.

ಅಂದಿನ ಕಾವ್ಯಪಾಠದ ಕ್ರಮವು ಹಳೆಯ ಪಾಠಶಾಲೆಗಳಲ್ಲಿ ಓದಿದವರಿಗೆ ವಿದಿತವೇ ಇದೆ. ಇತರರಿಗಾಗಿ ಇಲ್ಲಿ ಸ್ವಲ್ಪ ವಿವರಿಸುವುದು ಅಪ್ರಾಸಂಗಿಕವಾಗದು. ಮೊದಲು ಗುರುವು ಪದ್ಯವನ್ನು ರಾಗವಾಗಿ ಓದುವನು. ಶಿಷ್ಯನು ಕಿವಿಯಿಂದ ಅದರ ನಡೆಯನ್ನು ಹಿಡಿದು ಹಾಗೆಯೇ ಓದುವನು. ಅರ್ಥವು ಇನ್ನೂ ತಿಳಿದಿರುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಅನಂತರ ಪದಚ್ಛೇದ, ಎಂದರೆ ಸಂಧಿಗಳನ್ನು ಬಿಡಿಸುವುದು. ಆಮೇಲೆ ಅನ್ವಯ: ಪದ್ಯದಲ್ಲಿ ಹಿಂದುಮುಂದಾಗಿ ನಿಂತ ಮಾತುಗಳನ್ನು ಗದ್ಯದ ಕ್ರಮಕ್ಕೆ ಕೂಡಿಸುವುದು. ಇಷ್ಟಾದ ಮೇಲೆ ಪ್ರತಿಪದಾರ್ಥ, ತಾತ್ಪರ್ಯ, ಕಡೆಯಲ್ಲಿ ಅಲಂಕಾರ. ಪದ್ಯವು ಕಂಠಸ್ಥವಾದ ಹೊರತು ಮುಂದಿನ ಪದ್ಯವಿಲ್ಲ.

ಛಂದಸ್ಸನ್ನು ಬೆರಳಿನ ಎಣಿಕೆಯಿಂದ ಕಲಿಸುತ್ತಿದ್ದರು. ಕಂದಪದ್ಯವನ್ನೇ ತೆಗೆದುಕೊಳ್ಳೋಣ. ನಾಲ್ಕು ಮಾತ್ರೆಗಳ ಗಣಗಳು; ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಮೂರು ಮೂರು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಐದು; ಒಟ್ಟು 64 ಮಾತ್ರೆಗಳು. ಪ್ರತಿಯೊಂದು ಅರ್ಧದ ವಿಷಮಸ್ಥಾನಗಳಲ್ಲಿ ಜಗಣವು ಬರಕೂಡದು. ಆರನೆಯ ಗಣವು ಜಗಣವಾಗಿಯೋ ಸರ್ವಲಘುವಾಗಿಯೋ ಇರಬೇಕು. ಇಷ್ಟು ಸಣ್ಣ ಪದ್ಯಕ್ಕೆ ಇಷ್ಟು ಕಟ್ಟೇ ಎಂದು ಹದಿಮೂರು ವಯಸ್ಸಿನ ಹುಡುಗನು ಬೆಚ್ಚಿದರೆ ತಪ್ಪಿಲ್ಲ. ಷಟ್ಪದಿಯಾದರೋ ಹಾಡಿನಂತೆ ಹರಿಯುವುದು. ಲಕ್ಷ್ಮೀಶನ ಜೈಮಿನಿಭಾರತದ ವಾರ್ಧಕಷಟ್ಪದಿಯಲ್ಲಿ ಐದೈದು ಮಾತ್ರೆಯ ಗಣಗಳು ಕುದುರೆಯ ನಾಗಾಲೋಟದಂತೆ ಸಾಗುತ್ತವೆ. ಆದುದರಿಂದಲೇ ಕಲಿಯುವವನಿಗೆ ಮೊದಲು ಜೈಮಿನಿಯನ್ನು ಹೇಳಿ, ಕಿವಿ ಪಳಗಿದ ಮೇಲೆ ಷಡಕ್ಷರದೇವನ ರಾಜಶೇಖರವಿಳಾಸದಂತಹ ಚಂಪೂಕಾವ್ಯಗಳಿಗೆ ಏರಿಸುವುದು ವಾಡಿಕೆ. ಷಡಕ್ಷರದೇವನು ಮಠಾಧಿಪತಿಯಾಗಿದ್ದು 17ನೆಯ ಶತಮಾನದಲ್ಲಿ ಕವಿತೆಯನ್ನೂ ಬೋಧೆಯನ್ನೂ ಒಟ್ಟಿಗೆ ನಡೆಸಿದ ಮಹನೀಯನು. ಅವನ ಕಾವ್ಯವನ್ನು ಪಾಠ ಹೇಳದ ವೀರಶೈವ ಪಾಠಶಾಲೆಯಿರಲಿಲ್ಲವೆಂದರೆ ಹೆಚ್ಚಲ್ಲ.

ಪುಸ್ತಕಗಳ ಕೊರತೆಯೂ ಅಲ್ಪವಾಗಿರಲಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟ್ಟೆಲ್ ಪಂಡಿತನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದುದು 1872ರಲ್ಲಿ. ನಾಗವರ್ಮನ ಛಂದೋಂಬುಧಿಯು ಅವನಿಂದಲೇ ಬೆಳಕು ಕಂಡುದು 1875ರಲ್ಲಿ. ಅದುವರೆಗೆ ಹಳಗನ್ನಡದ ಲಕ್ಷಣಗ್ರಂಥಗಳನ್ನು ಓದಬೇಕಾದವನು ಓಲೆಗರಿಗಳನ್ನೂ ಕೈಬರಹದ ಕಡತಗಳನ್ನೂ ಆಶ್ರಯಿಸಬೇಕಾಗಿತ್ತು. ಆದುದರಿಂದ ಗುರುವಿನ ನಾಲಗೆಯೇ ಗ್ರಂಥಭಂಡಾರ. ಒಂದು ಪದ್ಯಕ್ಕೆ ಇನ್ನೊಂದು ಪದ್ಯವನ್ನು ಹೋಲಿಸಿ ತೋರಿಸಬೇಕಾದರೆ ಅದು ಅವನ ನೆನಪಿನಿಂದಲೇ ಬರಬೇಕು.

ಈ ಕ್ರಮದಲ್ಲಿ ಗುಣವೂ ಉಂಟು, ಅಪಾಯವೂ ಉಂಟು. ಪದವನ್ನು ಬಿಡಿಸುವುದರಲ್ಲಿಯೇ ಗಂಟೆಯು ಕಳೆದುಹೋಗಿ, ಪದ್ಯವು ಏತಕ್ಕೆ ಹುಟ್ಟಿತೆಂಬುದು ಶಿಷ್ಯನಿಗೆ ಗೋಚರವಾಗದೆಯೇ ಹೋಗಬಹುದು. ಈ ದಿನ ಬೆಂಗಳೂರಿನ ಹೊರವಲಯದಲ್ಲಿ, ಪೀಣ್ಯ, ವೈಟ್‌ಫೀಲ್ಡ್ ಮೊದಲಾದ ಕಡೆಗಳ ಪ್ರೌಢಶಾಲೆಗಳಲ್ಲಿ, ಕೆಲಸವನ್ನರಸಿ ನಾನಾ ನಾಡುಗಳಿಂದ ಬಂದವರ ಮಕ್ಕಳು ಕನ್ನಡದ ಪದ್ಯಭಾಗವನ್ನು ಮುಂದಿಟ್ಟುಕೊಂಡು ಕುಳಿತಿರುವರು. ಅವರ ಮನೆಯ ಮಾತು ಬೇರೆ, ಅಂಗಡಿಯ ಮಾತು ಬೇರೆ, ಪದ್ಯದ ಮಾತು ಮತ್ತೂ ಬೇರೆ. ಅವರ ಮುಂದೆ ನಿಂತ ಉಪಾಧ್ಯಾಯನಿಗೂ ಒಂದೂವರೆ ಶತಮಾನದ ಹಿಂದೆ ಶಾಸ್ತ್ರಿಗಳಿಗೆ ಎದುರಾದ ತೊಡಕೇ ಎದುರಾಗಿದೆ. ಅರಮನೆಯ ಬಾಲಕನ ಮನೆಮಾತು ಕನ್ನಡವೇ ಆಗಿದ್ದರೂ, ಅವನ ದಿನದ ಬಹುಭಾಗವೂ ಭವಿಷ್ಯವೆಲ್ಲವೂ ಇಂಗ್ಲಿಷಿಗೆ ಒತ್ತೆಯಾಗಿದ್ದಿತಷ್ಟೆ. ಪದ್ಯವನ್ನು ಪರೀಕ್ಷೆಗೆಂದು ಒಪ್ಪಿಸುವ ಹುಡುಗನನ್ನು ಮಾಡುವುದು ಸುಲಭ. ಪದ್ಯವನ್ನು ಬಯಸಿ ಕೇಳುವವನನ್ನು ಮಾಡುವುದು ಕಷ್ಟ. ಶಾಸ್ತ್ರಿಗಳಿಗೆ ಈ ಎರಡನೆಯದು ಸಿದ್ಧಿಸಿತೆಂಬುದಕ್ಕೆ ಶಿಷ್ಯನ ಮುಂದಿನ ನಡೆಯೇ ಪ್ರಮಾಣ.

ಆ ನಡೆಯನ್ನು ಹೇಳುವುದಕ್ಕೆ ಮುಂಚೆ ನಾಡಿಗೆ ಒದಗಿದ ಒಂದು ಘೋರವನ್ನು ಹೇಳಬೇಕಾಗಿದೆ. ಚಾಮರಾಜೇಂದ್ರರು ಹದಿಮೂರರಿಂದ ಹದಿನೈದರವರೆಗಿನ ವಯಸ್ಸಿನಲ್ಲಿದ್ದಾಗ, 1876ರಿಂದ 1878ರ ವರೆಗೆ, ಮೈಸೂರು ಸೀಮೆಯನ್ನು ಮಹಾಕ್ಷಾಮವು ಆವರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿದ್ದಿತು. ಕೆರೆಗಳು ಒಣಗಿ, ದನಕರುಗಳು ಅಳಿದು, ಊರಿಗೆ ಊರೇ ಗುಳೆಯೆದ್ದ ಕಾಲ. ಇಂತಹ ಕಾಲದಲ್ಲಿ ಮುಂದೆ ಅರಸನಾಗತಕ್ಕವನಿಗೆ ಉಪಮೆ ಉತ್ಪ್ರೇಕ್ಷೆಗಳ ಪಾಠವೇಕೆಂದು ಕೇಳುವವರು ಆಗಲೂ ಇದ್ದಿರಬೇಕು, ಈಗಲೂ ಇರುವರು. ಪ್ರಶ್ನೆಯು ಹುರುಳಿಲ್ಲದುದಲ್ಲ. ಆದರೆ ಕಾಳಿದಾಸ ಭವಭೂತಿಗಳ ಅರಸರು ಯಾರು? ಶಕುಂತಲೆಯನ್ನು ಮರೆತು ತುಂಬಿದ ಸಭೆಯಲ್ಲಿ ನಿರಾಕರಿಸಿದ ದುಷ್ಯಂತನು, ಪ್ರಜೆಗಳ ಮಾತಿಗಾಗಿ ಸೀತೆಯನ್ನು ಕಾಡಿಗೆ ಕಳುಹಿಸಿದ ರಾಮನು. ಆಳುವವನು ಮರೆತರೆ ಏನಾಗುವುದು, ಆಳುವವನ ಒಂದು ಆಜ್ಞೆಗೆ ಯಾರು ಬೆಲೆ ತೆರುವರು ಎಂಬುದನ್ನು ಈ ಎರಡು ಕಥೆಗಳು ತೋರಿಸುವಂತೆ ಲೆಕ್ಕಪತ್ರಗಳ ಪಾಠವು ತೋರಿಸಲಾರದು. ಶಾಸ್ತ್ರಿಗಳು ತರುವಾಯ ಕನ್ನಡಕ್ಕೆ ತಂದ ನಾಟಕಗಳಲ್ಲಿ ಶಾಕುಂತಲವೂ ಉತ್ತರರಾಮಚರಿತವೂ ಎರಡೂ ಸೇರಿರುವುದು ಗಮನಿಸತಕ್ಕ ವಿಷಯ.

1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಮೇಲೆ, ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿತು. ಹುಡುಗನು ಪಾಠದಲ್ಲಿ ಗೆದ್ದನು. ಅದೇ ವರ್ಷ ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ ಪ್ರಜಾಪ್ರತಿನಿಧಿ ಸಭೆಯು ಸೇರಿತು. ಹೆಣ್ಣುಮಕ್ಕಳ ಶಾಲೆಯು ಮೈಸೂರಿನಲ್ಲಿ ನೆಲೆಗೊಂಡಿತು. ಬೆಂಗಳೂರಿನ ಮೂಡಲಿಗೆ ಆಂಗ್ಲೋ ಇಂಡಿಯನ್ ಸಂಘದವರ ವಸಾಹತಿಗಾಗಿ 1882ರಲ್ಲಿ 3,900 ಎಕರೆ ಭೂಮಿಯನ್ನು ಬಿಟ್ಟುಕೊಟ್ಟವರೂ ಇದೇ ಪ್ರಭುಗಳು. ಆ ಸಂಘದ ಮುಖ್ಯನಾದ ವೈಟ್ ಎಂಬವನ ಹೆಸರಿನಿಂದ ಆ ನೆಲವು ವೈಟ್‌ಫೀಲ್ಡ್ ಎನಿಸಿಕೊಂಡಿತು. ರಾಜ್ಯಭಾರದ ಈ ಕಾರ್ಯಗಳನ್ನು ಚರಿತ್ರೆಕಾರರು ವಿಸ್ತಾರವಾಗಿ ಬರೆದಿರುವುದರಿಂದ ಇಲ್ಲಿ ಬೆಳೆಸುವ ಅಗತ್ಯವಿಲ್ಲ.

ಪ್ರಕೃತಕ್ಕೆ ಬೇಕಾದುದು ಬೇರೆ. ಆ ಸುಮಾರಿನಲ್ಲಿ ಮರಾಠಿ ನಾಟಕ ಮಂಡಲಿಗಳು ಮೈಸೂರಿನವರೆಗೂ ಬಂದು ಆಡುತ್ತಿದ್ದವು. ಅವುಗಳ ವೇಷಭೂಷಣ ಸಂಗೀತಗಳಿಗೆ ಮೈಸೂರಿನ ಜನರು ಮರುಳಾದರು. ಇಂಗ್ಲಿಷಿನಲ್ಲಿಯೇ ಬೆಳೆದ ಬೇರೊಬ್ಬ ಅರಸನಾಗಿದ್ದಲ್ಲಿ ಆ ಮಂಡಲಿಗಳಿಗೆ ಶಾಲು ಹೊದಿಸಿ ಕಳುಹಿಸಿ ಸುಮ್ಮನಾಗುತ್ತಿದ್ದನು. ಚಾಮರಾಜೇಂದ್ರರು ಕನ್ನಡದಲ್ಲಿಯೇ ಇಂತಹ ನಾಟಕವು ಆಗಬೇಕೆಂದು ಬಯಸಿದರು. ಅರಮನೆಯ ಆಶ್ರಯದಲ್ಲಿ ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ಹುಟ್ಟಿತು. ನಟರು ದೊರೆತರು, ವಾದ್ಯಗಾರರು ದೊರೆತರು. ಆಡುವುದಕ್ಕೆ ಕನ್ನಡದಲ್ಲಿ ನಾಟಕವೆಲ್ಲಿ? ಚುರಮುರಿ ಶೇಷಗಿರಿರಾಯರು 1870ರ ಸುಮಾರಿನಲ್ಲಿಯೇ ಶಾಕುಂತಲವನ್ನು ಧಾರವಾಡದ ಕಡೆಯ ಸಹಜವಾದ ಕನ್ನಡಕ್ಕೆ ತಂದಿದ್ದರು. ಆದರೆ ಮೈಸೂರಿನ ವಿದ್ವತ್ಸಭೆಯು ತನ್ನ ಕಿವಿಗೆ ಒಗ್ಗುವ ಹಳಗನ್ನಡದ ಬಿಗಿಯುಳ್ಳ ಶೈಲಿಯನ್ನು ಬಯಸುತ್ತಿದ್ದಿತು. ಆಗ ಅರಸರ ಚಿತ್ತವು ತಮಗೆ ಪದ್ಯ ಹೇಳಿಕೊಟ್ಟ ಗುರುಗಳ ಕಡೆಗೆ ತಿರುಗಿತು.

ಶಾಸ್ತ್ರಿಗಳಿಗೆ ಅಷ್ಟುಹೊತ್ತಿಗೆ ನಲ್ವತ್ತರ ಸಮೀಪ. ಕಾವ್ಯಗಳನ್ನೇನೋ ಅವರು ಬರೆದಿದ್ದರು. ರಂಗದ ಮೇಲೆ ನಿಂತು ನುಡಿಯುವ ಮಾತನ್ನು ಬರೆದವರಲ್ಲ. ಗುರುವಾಗಿದ್ದವರು ಈಗ ಶಿಷ್ಯನ ಅಪ್ಪಣೆಯಂತೆ ಹೊಸ ವಿದ್ಯೆಯನ್ನು ಕಲಿಯಬೇಕಾಯಿತು. ಅವರು ಕೈಕೊಂಡ ಶಾಕುಂತಲವು ಕಂದವೃತ್ತಗಳಿಂದಲೂ ಗದ್ಯಸಂಭಾಷಣೆಗಳಿಂದಲೂ ಕೂಡಿ ಕನ್ನಡಿಗರ ಮನಸ್ಸನ್ನು ಸೂರೆಗೊಂಡಿತು. ಕಣ್ವಾಶ್ರಮದಿಂದ ಶಕುಂತಲೆಯನ್ನು ಬೀಳ್ಕೊಡುವ ನಾಲ್ಕನೆಯ ಅಂಕವನ್ನು ಸಂಸ್ಕೃತ ಬಲ್ಲವರು ಲೋಕೋತ್ತರವೆಂದು ಹೊಗಳುವುದುಂಟು. ಸಂಸ್ಕೃತವರಿಯದ ಹೆಂಗಸರೂ ಮಕ್ಕಳೂ ಅಂಗಡಿಕಾರರೂ ಅದನ್ನು ತಮ್ಮ ಮಾತಿನಲ್ಲಿ ಕೇಳಿ, ತವರನ್ನು ಬಿಟ್ಟ ಮಗಳನ್ನು ನೆನೆದು ಕಣ್ಣೀರು ಹಾಕುವಂತಾದುದು ಮೈಸೂರಿನಲ್ಲಿ ಶಾಸ್ತ್ರಿಗಳಿಂದಲೇ. ಅಭಿನವ ಕಾಳಿದಾಸರೆಂಬ ಬಿರುದನ್ನು ಮಹಾರಾಜರು ಅವರಿಗೆ ದಯಪಾಲಿಸಿದರು. ಬಿರುದುಗಳನ್ನು ಅರಸರು ಹಲವರಿಗೆ ಕೊಡುವರು. ತನಗೆ ಪದ್ಯವನ್ನು ಓದಲು ಕಲಿಸಿದವನಿಗೆ ಕೊಟ್ಟ ಬಿರುದಿನ ತೂಕವೇ ಬೇರೆ.

ಬಳಿಕ ವಿಕ್ರಮೋರ್ವಶೀಯ, ರತ್ನಾವಳಿ, ಮಾಲತೀಮಾಧವ, ಚಂಡಕೌಶಿಕ, ಉತ್ತರರಾಮಚರಿತ ಇವು ಒಂದರ ಹಿಂದೊಂದಾಗಿ ಬಂದವು. ಇವೆಲ್ಲವೂ ಒಂದೇ ಸಮನಾಗಿವೆಯೆಂದು ಹೇಳಲಾಗದು. ಸಂಸ್ಕೃತ ನಾಟಕದಲ್ಲಿ ಅರಸನೂ ಋಷಿಯೂ ಸಂಸ್ಕೃತವನ್ನೂ ಸಖಿಯೂ ಬೆಸ್ತನೂ ಪ್ರಾಕೃತವನ್ನೂ ಆಡುವರು. ಆ ಎರಡು ನೆಲೆಗಳ ಭೇದವು ಪ್ರೌಢವಾದ ಕನ್ನಡದಲ್ಲಿ ತಗ್ಗಿಹೋಗಿ, ಬೆಸ್ತನೂ ಪಂಡಿತನಂತೆ ನುಡಿಯುವ ಅಪಾಯವುಂಟು. ಶಾಸ್ತ್ರಿಗಳ ಬಲವಿರುವುದು ಪದ್ಯದಲ್ಲಿಯೇ. ಮೂಲದ ಶ್ಲೋಕವನ್ನು ಪದಕ್ಕೆ ಪದವಾಗಿ ಇಳಿಸದೆ, ಅದರ ಭಾವವನ್ನು ನುಂಗಿಕೊಂಡು ಕನ್ನಡದ ಪ್ರಾಸಕ್ಕೂ ಲಯಕ್ಕೂ ಹೊಂದುವಂತೆ ಮರಳಿ ಹುಟ್ಟಿಸುವುದು ಅವರಿಗೆ ಕರತಲಾಮಲಕವಾಗಿದ್ದಿತು. ಅನ್ವಯವನ್ನೂ ತಾತ್ಪರ್ಯವನ್ನೂ ದಿನದಿನವೂ ಒಬ್ಬ ಹುಡುಗನಿಗೆ ಬಿಡಿಸಿ ಹೇಳಿದ ಅಭ್ಯಾಸವು ಇಲ್ಲಿ ಅವರ ಕೈಹಿಡಿದು ನಡೆಸಿತೆಂದರೆ ಅತಿಶಯೋಕ್ತಿಯಾಗದು. ಪದ್ಯವನ್ನು ಇನ್ನೊಬ್ಬನಿಗೆ ತಿಳಿಯಹೇಳುವವನು ಪ್ರತಿಸಲವೂ ಅದನ್ನು ಬೇರೆ ಮಾತಿನಲ್ಲಿ ಹೇಳಲೇಬೇಕಷ್ಟೆ.

ಅವರ ಸಾಹಸಗಳಲ್ಲೆಲ್ಲ ವಿಲಕ್ಷಣವಾದುದು ಶೂರಸೇನ ಚರಿತ್ರೆ. ಇದು ಷೇಕ್ಸ್‌ಪಿಯರ್ ಮಹಾಕವಿಯ ಒಥೆಲೊ ನಾಟಕದ ಕನ್ನಡ ರೂಪ. ಶಾಸ್ತ್ರಿಗಳಿಗೆ ಇಂಗ್ಲಿಷು ಬಾರದು. ಸಿ. ಸುಬ್ಬರಾಯರೆಂಬವರು ಮೂಲವನ್ನು ಓದಿ ಅರ್ಥವನ್ನು ಕನ್ನಡದ ಗದ್ಯದಲ್ಲಿ ಒದಗಿಸಿದರು. ಶಾಸ್ತ್ರಿಗಳು ಅದಕ್ಕೆ ಪದ್ಯಗದ್ಯಗಳ ಮೈಯನ್ನು ಕೊಟ್ಟು, ವೆನಿಸ್ ನಗರದ ಸೇನಾನಿಯನ್ನು ಭರತಖಂಡದ ಶೂರಸೇನನನ್ನಾಗಿ ಮಾಡಿದರು. ರಾಜಶಾಲೆಯಲ್ಲಿ ಇಂಗ್ಲಿಷಿನ ಉಪಾಧ್ಯಾಯರ ಪಕ್ಕದಲ್ಲಿ ಕನ್ನಡವನ್ನು ಹೇಳಿಕೊಡುತ್ತಿದ್ದ ಪಂಡಿತರು ಕಡೆಗೆ ಇಂಗ್ಲಿಷಿನ ಕವಿಯನ್ನೇ ಕಿವಿಯಿಂದ ಕೇಳಿ ಶಿಷ್ಯರಂತೆ ಪಾಠ ಕಲಿತು, ಕಲಿತುದನ್ನು ಕಂದವೃತ್ತಗಳಲ್ಲಿ ಒಪ್ಪಿಸಿದರು.

ದಮಯಂತೀ ಸ್ವಯಂವರ, ಸಾವಿತ್ರೀ ಚರಿತ್ರೆ, ರೇಣುಕವಿಜಯ, ಭರ್ತೃಹರಿಯ ಸುಭಾಷಿತಗಳ ಕನ್ನಡಾನುವಾದ ಮುಂತಾದ ಗ್ರಂಥಗಳೂ ಅವರಿಂದ ರಚಿತವಾದವು. ಇವುಗಳಲ್ಲಿ ಭರ್ತೃಹರಿಯ ಪದ್ಯಗಳು ಶಾಲೆಗೆ ಹೋಗುವ ಬಾಲಕರಿಗೆ ಇಂದೂ ಹೇಳಿಕೊಡಲು ತಕ್ಕವು. ಚಾಮುಂಡಾಂಬಿಕೆಯನ್ನು ಪ್ರಾರ್ಥಿಸಿ ಪ್ರಭುವಿಗೆ ಮಂಗಳವನ್ನು ಕೋರುವ ಗೀತವೊಂದನ್ನೂ ಅವರು ಕಟ್ಟಿದರು. ಅದು ಮೈಸೂರು ಸಂಸ್ಥಾನದ ಗೀತೆಯಾಯಿತು. ಉಪಾಧ್ಯಾಯನು ತನ್ನ ಹಳೆಯ ವಿದ್ಯಾರ್ಥಿಯನ್ನು ಹರಸಿ ಬರೆದ ಪದ್ಯವು ಒಂದು ರಾಜ್ಯದ ಶಾಲೆಶಾಲೆಗಳಲ್ಲಿ ದಿನವೂ ಹಾಡಲ್ಪಟ್ಟ ನಿದರ್ಶನವು ಬೇರೆಲ್ಲಿಯಾದರೂ ಉಂಟೋ ಏನೋ.

ಶಾಸ್ತ್ರಿಗಳು 1891ರಲ್ಲಿ, ಐವತ್ತು ವರ್ಷಗಳೂ ತುಂಬದಿರುವಾಗಲೇ ಲಿಂಗೈಕ್ಯರಾದರು. ಮೂರು ವರ್ಷಗಳ ಮೇಲೆ ಶಿಷ್ಯರೂ ಅವರನ್ನು ಹಿಂಬಾಲಿಸಿದರು: ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲುಬೇನೆಯಿಂದ ಕಾಲವಶರಾದಾಗ ಅವರಿಗೆ ಮೂವತ್ತೊಂದು ವಯಸ್ಸು. ಶೂರಸೇನ ಚರಿತ್ರೆಯು 1895ರಲ್ಲಿ ಅಚ್ಚಾಗಿ ಬಂದಾಗ, ಬರೆದವರಾಗಲಿ ಮೆಚ್ಚಿ ಕೇಳಬೇಕಾದ ಪ್ರಭುಗಳಾಗಲಿ ಇರಲಿಲ್ಲ. ಅರಮನೆಯ ಸಭೆಯಲ್ಲಿ ಆರಂಭವಾದ ಆಟವನ್ನು 20ನೆಯ ಶತಮಾನದ ಆದಿಯಲ್ಲಿ ವರದಾಚಾರ್ಯರ ರತ್ನಾವಳಿ ಕಂಪನಿಯೇ ಮೊದಲಾದ ನಾಟಕ ಮಂಡಲಿಗಳು ಊರೂರಿಗೆ ಒಯ್ದವು. ಪ್ರಭುಗಳ ಸಭೆಯಲ್ಲಿ ಕೇಳಿದ ಶಾಕುಂತಲದ ಕಥೆಯನ್ನು ಜನರು ಟಿಕೀಟು ಕೊಂಡು, ತಗಡಿನ ಚಪ್ಪರದ ಕೆಳಗೆ, ಬೆಳಗಿನ ಜಾವದವರೆಗೂ ಕುಳಿತು ಕೇಳಿದರು.